ಬೋರ್ಡಿನ ಮೇಲೆ ಯಾರಿದ್ದರು

ನನ್ನದು ಅನುಮಾನದ ಸ್ವಭಾವ. ನಮ್ಮ ಮನೆಯವರು ಇದನ್ನು ರೋಗ ಎನ್ನುತ್ತಾರೆ, ನಾನು ಸಂಸ್ಕಾರ ಎನ್ನುತ್ತೇನೆ. ಹಾಲಿನವನು ನಗುತ್ತ ಬಂದರೆ ಇವತ್ತು ನೀರು ಜಾಸ್ತಿ ಎಂದುಕೊಳ್ಳುತ್ತೇನೆ. ದೂರದ ನೆಂಟರು ಸುಮ್ಮನೆ ಫೋನ್ ಮಾಡಿ ಕ್ಷೇಮ ಕೇಳಿದರೆ ಏನು ಕೆಲಸವಿದೆಯೋ ಎಂದು ಕಾಯುತ್ತ ಕೂರುತ್ತೇನೆ, ಕೆಲಸ ಇದ್ದೇ ಇರುತ್ತದೆ. ಇದನ್ನು ನಾನು ಹೊಟ್ಟೆಯಲ್ಲಿದ್ದಾಗ ಕಲಿತದ್ದಲ್ಲ, ಕಮಲಾಪುರದ ಮನೆಯಲ್ಲಿ ಕಲಿತದ್ದು. ಆ ಮನೆಯ ಮುಂದಿನ ಎರಡು ಕೋಣೆಗಳಲ್ಲಿ ಊರಿನ ಟೆಲಿಫೋನ್ ಎಕ್ಸ್‌ಚೇಂಜ್ ಇತ್ತು, ಹಿಂದಿನ ಮೂರು ಕೋಣೆಗಳಲ್ಲಿ ನಾವಿದ್ದೆವು, ನಡುವೆ ಒಂದು ಬಾಗಿಲು, ಬಾಗಿಲಿಗೆ ಅಜ್ಜಿಯ ಹಳೆ ಸೀರೆಯ ಪರದೆ. ಅಪ್ಪ ಅಲ್ಲಿ ಆಪರೇಟರ್. ಊರಿನಲ್ಲಿ ಫೋನ್ ಇದ್ದವರು ಐವತ್ತು ಮನೆಯೂ ಇರಲಿಲ್ಲ. ಆದರೆ ಆ ಐವತ್ತು ಮನೆಯವರ ಬೀಗತನ, ಜಗಳ, ಕೋರ್ಟು, ಕಾಯಿಲೆ ಎಲ್ಲವೂ ನಮ್ಮ ಪಡಸಾಲೆಯನ್ನು ದಾಟಿಯೇ ಹೋಗಬೇಕಿತ್ತು. ಸಂತೆಯ ದಿನ ನಾನು ಅವ್ವನ ಜೊತೆ ಹೋದರೆ ಮಾತಾಡುತ್ತ ನಿಂತಿದ್ದ ಹೆಂಗಸರು ನಮ್ಮನ್ನು ಕಂಡು ಮಾತು ನಿಲ್ಲಿಸುತ್ತಿದ್ದರು. ಆಗ ನನಗೆ ಹತ್ತು ವರ್ಷ. ನಮ್ಮ ಮೈಯಿಂದ ಏನಾದರೂ ವಾಸನೆ ಬರುತ್ತದೆಯೋ ಎಂದು ಮನೆಗೆ ಬಂದು ಲಂಗ ಮೂಸಿ ನೋಡಿಕೊಂಡದ್ದುಂಟು.

ಬೋರ್ಡು ಎಂದರೆ ಎದೆಯೆತ್ತರದ ಕರಿ ಮರದ ಪೆಟ್ಟಿಗೆ. ಅದರ ಮೈತುಂಬ ಹಿತ್ತಾಳೆಯ ಸಣ್ಣ ಸಣ್ಣ ಮುಚ್ಚಳಗಳು. ಊರಿನಲ್ಲಿ ಯಾರಾದರೂ ತಮ್ಮ ಫೋನಿನ ಹಿಡಿಕೆ ಗರಗರ ತಿರುವಿದರೆ ಇಲ್ಲಿ ಅವರ ನಂಬರಿನ ಮುಚ್ಚಳ ಟಪ್ಪಂತ ಕೆಳಗೆ ಬೀಳುತ್ತಿತ್ತು, ಗಂಟೆ ಬಾರಿಸುತ್ತಿತ್ತು. ಅಪ್ಪ ಆ ತೂತಿಗೆ ವೈರಿನ ತುದಿ ಸಿಕ್ಕಿಸಿ ಯಾರು ಬೇಕು ಎಂದು ಕೇಳುವುದು, ಇನ್ನೊಂದು ತುದಿಯನ್ನು ಬೇಕಾದವರ ತೂತಿಗೆ ಸಿಕ್ಕಿಸುವುದು, ಅವರು ಎತ್ತಿಕೊಂಡ ಮೇಲೆ "ಮಾತಾಡ್ರಿ" ಎಂದು ಹೇಳಿ ಮುಂದಿನ ಕೀಲಿಯನ್ನು ಹಿಂದಕ್ಕೆ ಎಳೆಯುವುದು. ಕೀಲಿ ಮುಂದಿದ್ದರೆ ಆಪರೇಟರ್‌ಗೆ ಎಲ್ಲ ಕೇಳಿಸುತ್ತದೆ, ಹಿಂದೆ ಎಳೆದರೆ ಇಲ್ಲ. ಊರಿನ ಮಾನ ಮರ್ಯಾದೆಯೆಲ್ಲ ಬೆರಳುದ್ದದ ಆ ಕೀಲಿಯ ಮೇಲೆ ನಿಂತಿತ್ತು. ಕಲಬುರಗಿಗೆ ಹೋಗಿ ಬರುವ ಟ್ರಂಕ್ ಕಾಲಿಗೆ ಇದ್ದದ್ದು ಒಂದೇ ಲೈನು. ಗಾಳಿ ಬಂದರೆ ಅದರಲ್ಲಿ ಮಾತಿಗಿಂತ ಗರಗರವೇ ಹೆಚ್ಚು. ಹಾಗಾಗಿ ಎಲ್ಲರೂ ಬೊಬ್ಬೆ ಹೊಡೆದೇ ಮಾತಾಡುತ್ತಿದ್ದರು. ಓಣಿಯವರಿಗೆಲ್ಲ ಕೇಳುವ ಹಾಗೆ ತಾವೇ ಕೂಗಾಡಿ, ಆಮೇಲೆ ಸುದ್ದಿ ಹಬ್ಬಿತೆಂದರೆ ಅಪ್ಪನ ಕಡೆ ಕಣ್ಣು ಸಣ್ಣ ಮಾಡಿ ನೋಡುತ್ತಿದ್ದರು. ಲೈನ್‌ಮನ್ ಶರಣಪ್ಪ ಕಂಬ ಹತ್ತಿ ಇಳಿದು ನಮ್ಮ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಅಪ್ಪನನ್ನು ಕಾಡಿಸುತ್ತಿದ್ದ.

"ಯಜಮಾನ್ರ, ಊರ ಮಂದಿ ಏನಂತಾರ ಗೊತ್ತೇನ್ರಿ? ದೇವರಿಗಿ ಗೊತ್ತಿಲ್ಲದ್ದು ಟೆಲಿಫೋನ್ ಮಾಸ್ತರಗ ಗೊತ್ತಿರತದ ಅಂತ ಮಾತಾಡಾಕತ್ತಾರ."

"ದೇವರು ಕೇಳತಾನಪ್ಪಾ, ನಾ ಕೇಳೂದಿಲ್ಲ," ಎನ್ನುತ್ತಿದ್ದರು ಅಪ್ಪ. ಅಷ್ಟೇ. ಅವರು ಮನೆಯೊಳಗೆ ಬಂದರೂ ಮಾತು ಕಡಿಮೆ. ಬಾಯಿ ಬಿಟ್ಟರೆ ಊರು ಹೊರಗೆ ಬಿದ್ದೀತು ಎಂದು ಹೆದರುತ್ತಾರೆ ಎಂದು ಅವ್ವ ಹೇಳುತ್ತಿದ್ದಳು. ಅವಳಿಗೆ ಇದರಿಂದ ಮೈಯೆಲ್ಲ ಉರಿ. ಅವಳು ಅಕ್ಕಲಕೋಟೆಯ ಕಡೆಯವಳು, ಮರಾಠಿ ಶಾಲೆಯಲ್ಲಿ ಏಳನೆಯ ಇಯತ್ತೆ ಓದಿದವಳು, ಅಪ್ಪನಿಗಿಂತ ಹತ್ತು ಪಟ್ಟು ಚುರುಕು. ಗಂಡನಿಗೆ ಊರಿನ ಗುಟ್ಟೆಲ್ಲ ಗೊತ್ತು, ತನಗೆ ಮಾತ್ರ ಹೇಳುವುದಿಲ್ಲ ಎಂದು ಅವಳ ಅನುಮಾನ. ಸಾರು ಬಡಿಸುತ್ತ ಒಂದು ಮಾತು ಕೇಳುವಳು, ಉತ್ತರ ಬರದಿದ್ದರೆ ಆ ದಿನ ಸಾರಿಗೆ ಒಗ್ಗರಣೆ ಇಲ್ಲ. ಅಜ್ಜಿಯದು ಇನ್ನೊಂದು ಅನುಮಾನ. ಅಪ್ಪನ ತಾಯಿ ಅವರು, ಕೆಂಪು ಸೀರೆಯ ಮಡಿ ಹೆಂಗಸು. ಕಂಡ ಕಂಡವರ ಬಾಯಿಂದ ಬಂದ ಮಾತು ವೈರಿನಲ್ಲಿ ಹರಿದು ಬಂದು ಮಗನ ಕಿವಿಗೆ ತಾಗುತ್ತದಲ್ಲ, ಇದಕ್ಕೆ ಮೈಲಿಗೆ ಉಂಟೋ ಇಲ್ಲವೋ ಎಂದು ಮಠದ ಆಚಾರ್ಯರನ್ನು ಕೇಳಿಸಿದ್ದರು. ಆಚಾರ್ಯರು ತಮ್ಮ ಮನೆಗೇ ಫೋನಿಗೆ ಅರ್ಜಿ ಹಾಕಿ ಕೂತಿದ್ದರು, ಆದ್ದರಿಂದ ಇಲ್ಲ ಎಂದರು. ಅಜ್ಜಿ ನಂಬಲಿಲ್ಲ. ಅಪ್ಪ ಊಟಕ್ಕೆ ಮುಂಚೆ ಸ್ನಾನ ಮಾಡಿ, ಮಡಿಯ ರೇಷ್ಮೆ ಮುಗುಟ ಉಟ್ಟು, ಸಂಧ್ಯಾವಂದನೆ ಮುಗಿಸಿಯೇ ಎಲೆಯ ಮುಂದೆ ಕೂರಬೇಕೆಂದು ಕಟ್ಟು ಮಾಡಿದರು.

ಅಲ್ಲಿಯೇ ಎಡವಟ್ಟಾದದ್ದು. ಆಪೋಶನ ತೆಗೆದುಕೊಂಡು ಕೂತ ಮೇಲೆ ಊಟ ಮುಗಿಯುವ ತನಕ ಏಳುವ ಹಾಗಿಲ್ಲ, ಮಾತಾಡುವ ಹಾಗಿಲ್ಲ. ಕಲಬುರಗಿಯಿಂದ ಬರಬೇಕಿದ್ದ ಬದಲಿ ಆಪರೇಟರ್ ವಾರದಲ್ಲಿ ನಾಲ್ಕು ದಿನ ಬಸ್ಸು ಸಿಗಲಿಲ್ಲ ಎನ್ನುತ್ತಿದ್ದ. ಅಪ್ಪ ಅನ್ನ ಕಲಸುತ್ತಿರುವಾಗ ಮುಂದಿನ ಕೋಣೆಯಲ್ಲಿ ಟಪ್ಪೆಂದು ಮುಚ್ಚಳ ಬೀಳುತ್ತಿತ್ತು, ಗಂಟೆ ಹೊಡೆದುಕೊಳ್ಳುತ್ತಿತ್ತು. ಅಪ್ಪ ಕಣ್ಣೆತ್ತಿ ಅವ್ವನನ್ನು ನೋಡುತ್ತಿದ್ದರು. ಅವ್ವ ಸೆರಗಿಗೆ ಕೈ ಒರೆಸಿಕೊಂಡು ಪರದೆ ಸರಿಸಿ ಹೋಗುತ್ತಿದ್ದಳು. ಯಾರಿಗಾದರೂ ತಿಳಿದರೆ ನೌಕರಿ ಹೋಗುವ ಕೆಲಸ ಅದು. ಸರಕಾರದ ಬೋರ್ಡಿನ ಮುಂದೆ ಹೊರಗಿನವರು ಕೂರುವ ಹಾಗಿಲ್ಲ ಎಂದು ಗೋಡೆಯ ಮೇಲೇ ಬರೆದಿತ್ತು. ಆದ್ದರಿಂದ ಅವ್ವ ಊರಿನವರ ಜೊತೆ ತುಟಿ ಎರಡು ಮಾಡುತ್ತಿರಲಿಲ್ಲ. ಊರೊಳಗಿನ ಫೋನಾದರೆ ಮುಚ್ಚಳ ಎತ್ತಿ ಸುಮ್ಮನೆ ಬಿಡುವಳು. ಕಲಬುರಗಿಯ ಟ್ರಂಕ್ ಬಂದರೆ ಮಾತ್ರ ಆ ಕಡೆಯ ಆಪರೇಟರ್‌ಗೆ "ಹೂಂ" ಎಂದು, ಬೇಕಾದ ಮನೆಗೆ ಗಂಟೆ ಕೊಟ್ಟು, ಜೋಡಿಸಿ, ಪುಸ್ತಕದಲ್ಲಿ ಅಪ್ಪನ ಅಕ್ಷರದ ಹಾಗೆ ಬರೆದಿಟ್ಟು ಬರುವಳು. ಇದು ನಮ್ಮ ಮನೆಯ ಗುಟ್ಟು. ಊರಿನವರ ಗುಟ್ಟು ಕಾಯುವವರಿಗೂ ಒಂದು ಗುಟ್ಟು ಇರಬೇಕಲ್ಲ.

ನಮ್ಮ ಓಣಿಯಲ್ಲಿ ನಮ್ಮವರದೇ ಇನ್ನೊಂದು ಮನೆ, ಗುರುರಾಯ ಕಾಕಾನದು. ಊರ ಹೊರಗೆ ಅವರಿಗೆ ಕೆಂಪು ಬಾಳೆಯ ತೋಟವಿತ್ತು. ಹಣ್ಣು ಮಾಗಿದಾಗ ಮೊದಲ ಚಿಪ್ಪು ನಮ್ಮ ಮನೆಗೆ ಬರುತ್ತಿತ್ತು. ಅವರ ಮಗಳು ಸುಧಾ ಮತ್ತು ನನ್ನ ಅಕ್ಕ ವತ್ಸಲಾ ಒಂದೇ ವಯಸ್ಸಿನವರು, ಒಂದೇ ಬೆಂಚಿನವರು. ಒಬ್ಬಳಿಗೆ ಜ್ವರ ಬಂದರೆ ಇನ್ನೊಬ್ಬಳು ಶಾಲೆಗೆ ಹೋಗುತ್ತಿರಲಿಲ್ಲ. ನನಗೆ ಹೊಟ್ಟೆಕಿಚ್ಚು, ಅಕ್ಕ ನನ್ನ ಜಡೆಯನ್ನು ಜಗ್ಗಿ ಹೆಣೆದು ಸುಧಾಳ ಜಡೆಯನ್ನು ಮೆಲ್ಲಗೆ ಹೆಣೆಯುತ್ತಾಳೆ ಎಂದು. ಇಬ್ಬರಿಗೂ ಇಪ್ಪತ್ತಾಯಿತು. ಅಕ್ಕನನ್ನು ನೋಡಲು ಬಂದ ಎರಡು ಕಡೆಯವರು ಉಪ್ಪಿಟ್ಟು ತಿಂದು ಹೋದವರು ಮತ್ತೆ ಸುದ್ದಿ ಕಳಿಸಲಿಲ್ಲ. ಅವ್ವ ಒಳಗೊಳಗೇ ಕುದಿಯುತ್ತಿದ್ದಳು. ಅಷ್ಟರಲ್ಲಿ ಸುಧಾಳಿಗೆ ಕಲಬುರಗಿಯ ಒಂದು ಒಳ್ಳೆಯ ಸಂಬಂಧ ಕೂಡಿಬಂತು. ಹುಡುಗ ಇಂಜಿನಿಯರ್, ತಂದೆ ನಿವೃತ್ತ ಮುನಸೀಫ. ಕಲಬುರಗಿಯಲ್ಲಿದ್ದ ಕಾಕಾನ ತಮ್ಮನೇ ಮಧ್ಯಸ್ಥಿಕೆ. ಜಾತಕ ಕೂಡಿತ್ತು, ಹುಡುಗಿಯನ್ನು ನೋಡಿ ಒಪ್ಪಿದ್ದರು, ಇನ್ನೇನು ವೀಳ್ಯ ಬದಲಾಯಿಸುವುದು ಬಾಕಿ.

ಒಂದು ದಿನ ಬೆಳಗ್ಗೆ ಕಾಕಾ ನಮ್ಮ ಬಾಗಿಲಿಗೆ ಬಂದರು. ಯಾವಾಗಲೂ ಹಿತ್ತಿಲ ಕಡೆಯಿಂದ ಬರುತ್ತಿದ್ದವರು ಅಂದು ಎಕ್ಸ್‌ಚೇಂಜಿನ ಬಾಗಿಲಿಗೆ ಬಂದರು. ಚಪ್ಪಲಿ ಬಿಡಲಿಲ್ಲ. ಸಂಬಂಧ ಮುರಿದುಬಿದ್ದಿತ್ತು. ಸುಧಾಳದು ಮೂಲಾ ನಕ್ಷತ್ರ. ಆ ನಕ್ಷತ್ರದ ಸೊಸೆ ಮಾವನಿಗೆ ಆಗಿಬರುವುದಿಲ್ಲವೆಂಬ ನಂಬಿಕೆ ನಮ್ಮವರಲ್ಲಿ ಇವತ್ತಿಗೂ ಹೋಗಿಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರಲ್ಲ, ಕಾಕಾ ಒಂದೇ ಸುಳ್ಳು ಹೇಳಿದ್ದರು. ಜಾತಕದಲ್ಲಿ ಪೂರ್ವಾಷಾಢ ಎಂದು ಬರೆಸಿದ್ದರು. ಅದು ಗೊತ್ತಿದ್ದದ್ದು ಕಾಕಾನಿಗೆ ಮತ್ತು ಅವರ ತಮ್ಮನಿಗೆ. ಅದರ ಮಾತು ನಡೆದದ್ದು ಒಂದೇ ಸಲ, ತಮ್ಮ ಕಲಬುರಗಿಯಿಂದ ಟ್ರಂಕ್ ಹಚ್ಚಿದಾಗ. ಯಾವಾಗಲೂ ಓಣಿಗೆ ಕೇಳುವ ಹಾಗೆ ಕೂಗುತ್ತಿದ್ದ ಕಾಕಾ ಅಂದು ಬಾಗಿಲು ಹಾಕಿಕೊಂಡು, ಮಗಳನ್ನೂ ಹೊರಗೆ ಕಳಿಸಿ, ಮೆಲುದನಿಯಲ್ಲಿ ಮಾತಾಡಿದ್ದರು. ಹದಿನೈದು ದಿನದೊಳಗೆ ಹುಡುಗನ ತಂದೆಗೆ ಸುದ್ದಿ ಮುಟ್ಟಿತ್ತು.

"ನಾ ಒಂದೇ ಮಾತು ಕೇಳತೀನಿ," ಎಂದರು ಕಾಕಾ. "ಆವತ್ತು ಬೋರ್ಡಿನ ಮ್ಯಾಲೆ ಯಾರಿದ್ರು?"

ಅಪ್ಪ ಎದ್ದು ನಿಂತರು. ಕಿವಿಗೆ ಹಾಕಿಕೊಂಡಿದ್ದ ಯಂತ್ರವನ್ನು ತೆಗೆದು ಮೇಜಿನ ಮೇಲಿಟ್ಟರು.

"ನಾನೇ ಇದ್ದೆ."

"ಖರೇನ?"

"ಖರೇ. ಪುಸ್ತಕದಾಗ ನನ್ನ ಕೈ ಅದ, ನೋಡ್ರಿ."

ಪರದೆಯ ಈಚೆ ನಾವು ಮೂವರೂ ನಿಂತಿದ್ದೆವು, ಅವ್ವ, ಅಕ್ಕ, ನಾನು. ಕಾಕಾ ಪುಸ್ತಕ ನೋಡಿದರು. ಅಪ್ಪನ ದುಂಡು ಅಕ್ಷರ, ಅಪ್ಪನ ಸಹಿ. "ನಿಮ್ಮ ಮಗಳಿಗೆ ಒಳ್ಳೇದಾಗಲಿ," ಎಂದು ಹೇಳಿ ಹೋದರು. ಅದು ಹರಕೆಯೋ ಶಾಪವೋ ನನಗೆ ಆಗ ತಿಳಿಯಲಿಲ್ಲ. ಆ ವರ್ಷ ಬಾಳೆಹಣ್ಣು ಬರಲಿಲ್ಲ. ಸುಧಾ ಬರಲಿಲ್ಲ. ಅಕ್ಕ ಅವರ ಮನೆಗೆ ಹೋದಳು, ಕಾಕಾನ ಹೆಂಡತಿ ಕಾಕು ಬಾಗಿಲಲ್ಲೇ ನಿಂತು ಸುಧಾ ಮಲಗ್ಯಾಳ ಎಂದರಂತೆ. ಮಧ್ಯಾಹ್ನ ಹನ್ನೆರಡಕ್ಕೆ ಯಾರು ಮಲಗುತ್ತಾರೆ? ಅಕ್ಕ ಹಿಂದಿರುಗಿ ಬಂದವಳು ಅಪ್ಪನ ಮುಂದೆ ಹೋಗಿ ನಿಂತು, ನೀವು ಕೇಳಿದಿರೇನು, ಹೇಳಿದಿರೇನು ಎಂದು ಕೇಳಿದಳು. ಅಪ್ಪ ಇಲ್ಲ ಎಂದರು. ಮತ್ತೆ ಹೆಂಗ ಗೊತ್ತಾತು ಎಂದಳು. ಅಪ್ಪ ಸುಮ್ಮನಾದರು. ಅವರು ಸುಮ್ಮನಾದದ್ದನ್ನು ಅವಳು ತಪ್ಪೊಪ್ಪಿಗೆ ಎಂದು ತಿಳಿದಳು. ನಾನೂ ಹಾಗೆಯೇ ತಿಳಿದೆ.

ಒಂದೂವರೆ ತಿಂಗಳ ನಂತರ ಕಲಬುರಗಿಯ ನೆಹರು ಗಂಜಿನ ಹತ್ತಿರ ಮನೆ ಮಾಡಿಕೊಂಡಿದ್ದ ನಮ್ಮ ಮಾಮಾ, ಅಂದರೆ ಅವ್ವನ ಅಣ್ಣ, ಒಂದು ಸಂಬಂಧ ತಂದರು. ಅದೇ ಹುಡುಗ, ಅದೇ ಮುನಸೀಫರ ಮನೆ. ಈಗ ಊರಿಗೆ ಯಾವ ಸಂಶಯವೂ ಉಳಿಯಲಿಲ್ಲ. ಟೆಲಿಫೋನ್ ಮಾಸ್ತರ ವೈರಿನಲ್ಲಿ ವರ ಹಿಡಿದ ಎಂದು ಸಂತೆಯಲ್ಲಿ ಆಡಿಕೊಂಡರು. ಅಕ್ಕ ಎರಡು ದಿನ ಊಟ ಬಿಟ್ಟಳು.

"ಸುಧಾನ ವರ ನಂಗ ಬ್ಯಾಡ ಅವ್ವಾ. ಬಾವ್ಯಾಗ ಬೀಳತೀನಿ."

"ಹುಚ್ಚಿ, ಆ ಸಂಬಂಧ ಮುರದು ಹೋಗ್ಯದ. ನೀ ಬ್ಯಾಡಂದ್ರ ಆಕಿಗೆ ತಿರುಗಿ ಬರತದೇನು?" ಅವ್ವ ಅವಳ ತಲೆ ಸವರುತ್ತಿದ್ದಳು. "ನಿಮ್ಮಪ್ಪ ಮಾಡಿದ್ದು ತಪ್ಪೋ ಒಪ್ಪೋ, ಆಗಿಹೋತು. ಅವರ ಕಿವಿ ಹಂಗ. ನೀ ಯಾಕ ನಿನ್ನ ಜನ್ಮ ಹಾಳ ಮಾಡ್ಕೊಳ್ತಿ?"

ಈ ಮಾತು ನಾನು ಕಿವಿಯಾರೆ ಕೇಳಿದ್ದು. ಮದುವೆಯಾಯಿತು. ಅಕ್ಕ ಭಾವನ ಜೊತೆ ಸೊಲ್ಲಾಪುರಕ್ಕೆ ಹೋದಳು. ಭಾವ ಒಳ್ಳೆಯವರು, ಈ ಕತೆಯಲ್ಲಿ ಅವರದೇನೂ ತಪ್ಪಿಲ್ಲ. ಆದರೆ ಅಕ್ಕ ಕಮಲಾಪುರಕ್ಕೆ ಒಂದು ಸಲವೂ ಫೋನ್ ಮಾಡಲಿಲ್ಲ. ಮಾಡಿದರೆ ಬೋರ್ಡಿನ ಮೇಲೆ ಅಪ್ಪ ಇರುತ್ತಾರಲ್ಲ. ಕಾರ್ಡು ಬರೆಯುತ್ತಿದ್ದಳು, ಅವ್ವನ ಹೆಸರಿಗೆ.

ಆಮೇಲೆ ಕಾಲ ಬದಲಾಯಿತು. ಊರಿನ ಬೋರ್ಡನ್ನು ಒಂದು ದಿನ ಲಾರಿಗೆ ಹೇರಿದರು. ಅದರ ಜಾಗಕ್ಕೆ ಕಬ್ಬಿಣದ ಕಪಾಟಿನಷ್ಟು ದೊಡ್ಡದೊಂದು ಡಿಜಿಟಲ್ ಯಂತ್ರ ಬಂತು. ತನ್ನಷ್ಟಕ್ಕೆ ತಾನೇ ಜೋಡಿಸುತ್ತದಂತೆ, ಕೀಲಿ ಇಲ್ಲ, ವೈರಿನ ತುದಿ ಇಲ್ಲ, "ಮಾತಾಡ್ರಿ" ಎನ್ನುವವರಿಲ್ಲ. ಊರಿನವರು ಖುಷಿಪಟ್ಟರು. ಶರಣಪ್ಪ ಮಾತ್ರ ಆ ಯಂತ್ರದ ಸುತ್ತ ಎರಡು ಸುತ್ತು ಹಾಕಿ, ಇದು ಕೇಳಿದ್ದು ಯಾರಿಗೆ ಹೇಳತೈತೋ ಏನೋ, ಮಾಸ್ತರ ಆದ್ರ ಮುಖ ನೋಡಿ ಗೊತ್ತಮಾಡ್ಕೋಬಹುದಿತ್ತು ಎಂದ. ಅಪ್ಪನಿಗೆ ಕಲಬುರಗಿಗೆ ವರ್ಗವಾಯಿತು. ಐವಾನ್-ಎ-ಶಾಹಿಯ ಹತ್ತಿರ ಬಾಡಿಗೆ ಮನೆ ಹಿಡಿದೆವು. ನಗರದ ಹಳೆ ಎಕ್ಸ್‌ಚೇಂಜಿನಲ್ಲಿ ಒಂದು ದೊಡ್ಡ ಕೋಣೆಯ ತುಂಬ ಸ್ವಿಚ್ಚುಗಳು ಜೋಳ ಹುರಿದ ಹಾಗೆ ಚಟಪಟ ಎನ್ನುತ್ತಿದ್ದವು. ಸ್ವಲ್ಪ ವರ್ಷಕ್ಕೆ ಅದೂ ಹೋಯಿತು. ಹೊಸ ಡಿಜಿಟಲ್ ಕೋಣೆ ತಣ್ಣಗೆ, ಸದ್ದಿಲ್ಲದೆ ಇತ್ತು, ಧೂಳು ಆಗದೆಂದು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಿತ್ತು. ಅಜ್ಜಿಗೆ ಇದನ್ನು ಹೇಳಿದಾಗ ಕಡೆಗಾಲದಲ್ಲಿ ಒಂದು ಸಮಾಧಾನವಾಯಿತು, ಈಗ ಮಡಿಯಾತು ನೋಡು ಎಂದರು. ಟ್ರಂಕ್ ಕಾಲು ಜೋಡಿಸುವವರು ಬೇಡವಾದರು. ಅಪ್ಪನನ್ನು ದೂರು ಕೇಳುವ ಮೇಜಿಗೆ ಹಾಕಿದರು. ಜನ ಬಂದು ಬಿಲ್ಲು ತೋರಿಸಿ ಇಷ್ಟು ನಾವು ಮಾತಾಡಿಯೇ ಇಲ್ಲ ಎಂದು ಜಗಳ ತೆಗೆಯುತ್ತಿದ್ದರು. ಅನುಮಾನ ಅವರನ್ನು ಬಿಡಲಿಲ್ಲ, ಮೇಜು ಬದಲಾಯಿತು ಅಷ್ಟೇ.

ನಮ್ಮ ಮನೆಗೂ ಫೋನ್ ಬಂತು, ಗುಂಡಿ ಒತ್ತುವ ಬೂದು ಬಣ್ಣದ್ದು. ಈಗ ನಡುವೆ ಯಾರೂ ಇಲ್ಲವಲ್ಲ, ಅಕ್ಕ ಪ್ರತಿ ಭಾನುವಾರ ಬೆಳಗ್ಗೆ ಸೊಲ್ಲಾಪುರದಿಂದ ಫೋನ್ ಮಾಡತೊಡಗಿದಳು. ಅಪ್ಪ ಎತ್ತಿದರೆ ಒಂದು ಗಳಿಗೆ ಸುಮ್ಮನಿದ್ದು "ಅವ್ವಗ ಕೊಡ್ರಿ" ಎನ್ನುವಳು. ಹಳೆಯ ಲೈನಾಗಿದ್ದರೆ ಗರಗರದಲ್ಲಿ ಏನೂ ತಿಳಿಯುತ್ತಿರಲಿಲ್ಲ. ಈಗ ಸೊಲ್ಲಾಪುರದಲ್ಲಿ ಅವಳು ಉಸಿರು ಬಿಟ್ಟರೂ ಕೇಳುತ್ತಿತ್ತು. ಅವಳು ತನ್ನನ್ನು ಗುರುತಿಸಿ ಸುಮ್ಮನಾದದ್ದು ಅಪ್ಪನಿಗೆ ಸ್ವಚ್ಛವಾಗಿ ಕೇಳುತ್ತಿತ್ತು. ಅವರು ಫೋನನ್ನು ಅವ್ವನ ಕೈಗೆ ಕೊಟ್ಟು ಅಂಗಳಕ್ಕೆ ಹೋಗಿ ತುಳಸಿಗೆ ನೀರು ಹಾಕುತ್ತಿದ್ದರು, ಬೆಳಗ್ಗೆ ಒಂದು ಸಲ ಹಾಕಿದ್ದರೂ. ನನಗೆ ಅಪ್ಪನ ಮೇಲೆ ಸಿಟ್ಟೂ ಬರುತ್ತಿತ್ತು, ಕನಿಕರವೂ ಬರುತ್ತಿತ್ತು. ಅವ್ವ ಅರ್ಧ ಗಂಟೆ ಮಾತಾಡುವಳು. ಎರಡು ತಿಂಗಳಿಗೊಮ್ಮೆ ನಮ್ಮ ಫೋನಿನ ಬಿಲ್ಲು ಬಂದಾಗ, ಯಾವ ಊರಿಗೆ, ಎಷ್ಟು ಗಂಟೆಗೆ, ಎಷ್ಟು ನಿಮಿಷ ಎಂದು ಅಚ್ಚಾದ ಹಾಳೆಯನ್ನು ಪಂಚಾಂಗ ನೋಡುವ ಹಾಗೆ ಕನ್ನಡಕ ಹಾಕಿಕೊಂಡು ನೋಡುವಳು. ನಮ್ಮಲ್ಲಿ ಯಾರಾದರೂ ತನಗೆ ತಿಳಿಯದೆ ಎಲ್ಲಿಗಾದರೂ ಮಾತಾಡಿದೆವೋ ಎಂದು.

ನಾನು ಆಗ ಶಾಲೆಯಲ್ಲಿ ಕಲಿಸುತ್ತಿದ್ದೆ. ಒಂದು ಶನಿವಾರ ಮನೆಗೆ ಬಂದರೆ ಪಡಸಾಲೆಯಲ್ಲಿ ಸುಧಾ ಕೂತಿದ್ದಳು. ಕೂದಲು ಅಲ್ಲಲ್ಲಿ ನರೆತಿತ್ತು, ಮುಖ ಅದೇ. ಅವಳಿಗೂ ತಡವಾಗಿ ಮದುವೆಯಾಗಿತ್ತು, ಕಲಬುರಗಿಯಲ್ಲೇ ಇದ್ದಳು, ಬ್ಯಾಂಕಿನಲ್ಲಿ ಕೆಲಸ. ಫೋನಿಗೆ ಅರ್ಜಿ ಹಾಕಿ ಮೂರು ವರ್ಷ ಕಾದು ಬೇಸತ್ತು ಅಪ್ಪನನ್ನು ವಿಚಾರಿಸಲು ಬಂದಿದ್ದಳು. ಅಪ್ಪನ ಜೊತೆ ನಗುತ್ತ ಮಾತಾಡುತ್ತಿದ್ದಳು, ಅವರ ಕಾಲಿಗೆ ನಮಸ್ಕಾರ ಮಾಡಿದಳು. ನನಗೆ ಆಶ್ಚರ್ಯ. ಅವ್ವ ಮಾತ್ರ ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ. ಚಹಾವನ್ನು ನನ್ನ ಕೈಯಲ್ಲಿ ಕಳಿಸಿದಳು. ಸಕ್ಕರೆ ಹಾಕುವುದನ್ನೇ ಮರೆತಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು ಅದು. ಆದರೆ ಇಲ್ಲಿ ಕಳ್ಳ ಎಂದು ಯಾರೂ ಅಂದಿರಲೂ ಇಲ್ಲ. ಆಟೋ ಸಿಗುವ ತಿರುವಿನ ತನಕ ನಾನು ಸುಧಾಳ ಜೊತೆ ನಡೆದೆ. ನಮ್ಮ ಅಪ್ಪ ಹಾಗೆ ಮಾಡಬಾರದಿತ್ತು, ಕ್ಷಮಿಸಿಬಿಡು ಎಂದೆ. ಅವಳು ನಿಂತಳು.

"ನಿಮ್ಮಪ್ಪ? ಅವರೇನ ಮಾಡ್ಯಾರ?"

"ಆವತ್ತು ಬೋರ್ಡಿನ ಮ್ಯಾಲೆ..."

"ಆವತ್ತು ಬೋರ್ಡಿನ ಮ್ಯಾಲೆ ಅವರು ಇರಲೇ ಇಲ್ಲ. ನಮ್ಮಪ್ಪಗ ಒಂದು ಕಿವಿ ಮಂದ ಇತ್ತು, ಯಾವಾಗಲೂ ಫೋನ್ ನಾನೇ ಎತ್ತಾಕಿ. ಟ್ರಂಕ್ ಬಂದ್ರ ನಿಮ್ಮಪ್ಪ 'ಕಲಬುರ್ಗಿ ಅದ, ಮಾತಾಡ್ರಿ' ಅಂತಿದ್ರು. ಆವತ್ತು ಯಾರೂ ಏನೂ ಅನ್ನಲಿಲ್ಲ. ಬಳಿ ಸಪ್ಪಳ ಆತು. ಗಾಜಿನ ಬಳಿ. ಒಳಗ ನಮ್ಮಪ್ಪಗ ಫೋನ್ ಕೊಡೂ ತನಕಾನೂ ಅದು ಸಣ್ಣಗ ಕೇಳಾಕತ್ತಿತ್ತು."

ಮತ್ತೆ ನೀನು ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರ ನಿಮ್ಮಪ್ಪನ ನೌಕರಿ ಹೋಗತಿತ್ತು. ಮತ್ತ ಖರೇ ಹೇಳಲೇನು? ಸುಳ್ಳ ಜಾತಕದ ಮ್ಯಾಲ ಆ ಮನಿ ಹೊಸ್ತಿಲ ದಾಟೂದು ನಂಗೂ ಬ್ಯಾಡಾಗಿತ್ತು. ಮುಂದ ಆ ಮುದುಕ ಕೆಮ್ಮಿದ್ರೂ ನನ್ನ ನಕ್ಷತ್ರದ ಮ್ಯಾಲೇ ಬರತಿತ್ತು. ವತ್ಸಲಾಗ ಮಾತ್ರ ಹೇಳಬೇಕಿತ್ತು. ಆಕಿ ಮದಿವಿ ಗೊತ್ತಾದ ಮ್ಯಾಲ ಹೆಂಗ ಹೇಳಲಿ?"

ಅವಳು ಆಟೋ ಹತ್ತಿ ಹೋದಳು. ನಾನು ಅಲ್ಲಿಯೇ ನಿಂತು ಲೆಕ್ಕ ಹಾಕಿದೆ. ಆ ಫೋನು ಬಂದ ವಾರವೇ ಅವ್ವ ಒಬ್ಬಳೇ ಬಸ್ಸು ಹತ್ತಿ ಕಲಬುರಗಿಗೆ ಹೋಗಿದ್ದಳು, ಮಾಮಾನ ಮನೆಗೆ. ನನ್ನನ್ನೂ ಕರೆದುಕೊಂಡು ಹೋಗು ಎಂದು ನಾನು ಅತ್ತದ್ದು ನೆನಪಿತ್ತು. ಸುದ್ದಿಯನ್ನು ಮುನಸೀಫರ ಮನೆಗೆ ಮುಟ್ಟಿಸಿದವರೂ ಮಾಮಾ, ಆಮೇಲೆ ವರನನ್ನು ತಂದವರೂ ಮಾಮಾ. ಇಷ್ಟು ಸುಲಭದ್ದು ನನಗೆ ಇಷ್ಟು ವರ್ಷ ಹೊಳೆಯಲಿಲ್ಲ. ಊರೆಲ್ಲವನ್ನೂ ಅನುಮಾನಿಸುತ್ತಿದ್ದ ನಾನು ಒಲೆಯ ಮುಂದೆ ಕೂತವಳನ್ನು ಅನುಮಾನಿಸಲಿಲ್ಲ.

ಅವ್ವ ಭಜನೆಗೆ ಹೋದ ಹೊತ್ತು ನೋಡಿ ಅಪ್ಪನನ್ನು ಕೇಳಿದೆ. ಅವರು ಪೇಪರ್ ಮಡಚಿಟ್ಟರು.

"ಗೊತ್ತದ. ಊಟ ಮುಗಿಸಿ ಬಂದು ಪುಸ್ತಕ ನೋಡಿದೆ. ನಿಮ್ಮವ್ವ ಆವತ್ತು ಟೈಮ್ ಮರಾಠಿ ಅಂಕಿಯೊಳಗ ಬರದಿದ್ಲು. ಅವಸರದಾಗ ರೂಢಿ ತಪ್ಪಲಿಲ್ಲ ಆಕಿಗೆ. ಆ ಹಾಳಿ ಹರದು, ಎಲ್ಲಾ ನನ್ನ ಕೈಲೇ ಬರದೆ. ಆವಾಗ ನೌಕರಿ ಉಳಸಲಿಕ್ಕೆ ಬರದೆ. ಮುಂದ ಗುರುರಾಯ ಬಂದು ನಿಂತಾಗ ತಿಳೀತು, ಏನಾಗ್ಯದ ಅಂತ."

"ಅಕ್ಕಗರೆ ಹೇಳಬೇಕಿತ್ತಲ್ಲ ಅಪ್ಪಾ. ಆಕಿ ನಿಮ್ಮ ಜೋಡಿ ಮಾತು ಬಿಟ್ಟು ಎಷ್ಟು ವರ್ಷ ಆತು!"

"ಹೇಳಿದ್ರ ಆಕಿ ಅವ್ವನ್ನ ಬಿಡತಾಳ. ಹೆಣ್ಣುಮಗಳಿಗೆ ತೌರುಮನಿ ಅಂದ್ರ ಅವ್ವ. ನಂಗ ರೂಢಿ ಆಗ್ಯದ ಬಿಡು." ಪೇಪರ್ ಮತ್ತೆ ಬಿಡಿಸುತ್ತ, "ನೀ ಏನೂ ಮಾಡಬ್ಯಾಡ," ಎಂದರು.

ನಾನು ಕೇಳಲಿಲ್ಲ. ಅಪ್ಪನ ಮೇಲಿನ ಪ್ರೀತಿಯಿಂದ ಹೀಗೆ ಮಾಡಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಅರ್ಧ ನಿಜ. ಇನ್ನರ್ಧ ಸಿಟ್ಟು. ಕದ್ದು ಕೇಳಿದ್ದನ್ನು ನಾನು ಕ್ಷಮಿಸಬಲ್ಲೆ, ಇಪ್ಪತ್ತು ತುಂಬಿದ ಮಗಳನ್ನು ಇಟ್ಟುಕೊಂಡ ತಾಯಿ ಏನು ಬೇಕಾದರೂ ಮಾಡುತ್ತಾಳೆ. ಆದರೆ ಅಕ್ಕನ ತಲೆ ಸವರುತ್ತ "ಅವರ ಕಿವಿ ಹಂಗ" ಎಂದಳಲ್ಲ, ಅದನ್ನು ನುಂಗಲಾಗಲಿಲ್ಲ. ಮನೆಯ ಫೋನಿನಿಂದ ಮಾಡಿದರೆ ಬಿಲ್ಲಿನಲ್ಲಿ ಸೊಲ್ಲಾಪುರ ಎಂದು ಬೀಳುತ್ತದೆ, ಅವ್ವ ನೋಡುತ್ತಾಳೆ. ಆದ್ದರಿಂದ ಶಾಲೆಯ ಹತ್ತಿರದ ಎಸ್.ಟಿ.ಡಿ. ಅಂಗಡಿಗೆ ಹೋದೆ. ಗಾಜಿನ ಬಾಗಿಲು ಹಾಕಿಕೊಂಡು, ಆಮೇಲೂ ಒಮ್ಮೆ ಹಿಂದೆ ತಿರುಗಿ ನೋಡಿ, ಅಕ್ಕನಿಗೆ ಎಲ್ಲ ಹೇಳಿದೆ. ಬಳೆ, ಮರಾಠಿ ಅಂಕಿ, ಬಸ್ಸು, ಮಾಮಾ. ಎದುರಿಗೆ ಮೀಟರಿನ ಕೆಂಪು ಅಂಕಿಗಳು ಓಡುತ್ತಿದ್ದವು. ಅಕ್ಕ ಅಳಲಿಲ್ಲ. ಒಂದೇ ಮಾತು ಕೇಳಿದಳು.

"ಅಪ್ಪಗ ಮೊದಲಿಂದ ಗೊತ್ತಿತ್ತು?"

"ಗೊತ್ತಿತ್ತು."

ಅವಳು ಫೋನ್ ಇಟ್ಟಳು.

ಭಾನುವಾರ ಬಂತು. ಅವ್ವ ಎಂದಿನ ಹಾಗೆ ಒಲೆ ಆರಿಸಿ, ಕೈ ತೊಳೆದುಕೊಂಡು, ಫೋನಿನ ಪಕ್ಕದ ಮಂಚದ ಮೇಲೆ ಬಂದು ಕೂತಳು. ಗಂಟೆ ಹೊಡೆಯಿತು. ಹತ್ತಿರವಿದ್ದ ಅಪ್ಪ ಎತ್ತಿದರು. ಯಾವಾಗಲೂ ಎತ್ತಿದ ಕೂಡಲೇ ಅವ್ವನ ಕಡೆ ಚಾಚುತ್ತಿದ್ದ ಕೈ ಅಂದು ಚಾಚಲಿಲ್ಲ. ಅಪ್ಪ ನಿಂತೇ ಇದ್ದರು. ಹೂಂ ಎಂದರು, ಇಲ್ಲವಾ ಎಂದರು, ಮತ್ತೆ ಬಹಳ ಹೊತ್ತು ಕೇಳಿದರು. ಇನ್ನೊಂದು ಕೈಯಿಂದ ಮೇಜಿನ ಅಂಚು ಹಿಡಿದುಕೊಂಡಿದ್ದರು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಅವರಿಗೆ ಕೈ ಇರಲಿಲ್ಲ. ಅವ್ವ ಅವರನ್ನು ನೋಡಿದಳು, ಗಡಿಯಾರ ನೋಡಿದಳು, ಕೈ ಮುಂದೆ ಮಾಡಿ ಮತ್ತೆ ಮಡಿಲಲ್ಲಿ ಇಟ್ಟುಕೊಂಡಳು. ಕೊನೆಗೆ ಅಪ್ಪ "ಅವ್ವನ ಜೋಡಿ ಮಾತಾಡು, ನನ್ನ ಮಾತು ಕೇಳು" ಎಂದರು. ಆಮೇಲೆ ಫೋನನ್ನು ಮೆಲ್ಲಗೆ ಕೆಳಗೆ ಇಟ್ಟರು.

"ನಂಗ ಕೊಡಲಿಲ್ಲಲ್ರೀ?"

"ಲೈನ್ ಕಟ್ ಆತು," ಎಂದರು ಅಪ್ಪ.

ಈಗಿನ ಲೈನು ಹಾಗೆ ಕಟ್ಟಾಗುವುದಿಲ್ಲವೆಂದು ಟೆಲಿಫೋನ್ ಮಾಸ್ತರನ ಹೆಂಡತಿಗೆ ಗೊತ್ತಿತ್ತು. ಅವಳು ಅಪ್ಪನನ್ನು ಬಿಟ್ಟು ನನ್ನ ಕಡೆ ತಿರುಗಿದಳು. ನಾನು ಕಿಟಕಿಯ ಹೊರಗೆ ನೋಡಿದೆ. ಅವಳು ಎದ್ದು ಒಳಗೆ ಹೋಗಿ ಒಲೆ ಹೊತ್ತಿಸಿದಳು. ಅಡುವುದಕ್ಕೆ ಏನೂ ಬಾಕಿ ಇರಲಿಲ್ಲ.

ಅದಾದ ಮೇಲೆ ಅಕ್ಕ ಪ್ರತಿ ಭಾನುವಾರ ಅಪ್ಪನ ಜೊತೆ ಮಾತಾಡಿದಳು, ಅವರು ಹೋಗುವ ತನಕ. ಅಪ್ಪ ಪ್ರತಿ ಸಲ ಅವ್ವನ ಪರವಾಗಿ ಬೇಡಿಕೊಂಡರು. ಅವಳು ಒಪ್ಪಿದ್ದು ಹಬ್ಬಕ್ಕೆ ಒಮ್ಮೆ, ಎರಡು ಮಾತು, ಆರಾಮ ಇದ್ದೀಯಾ, ಆರಾಮ ಇದ್ದೀನಿ. ಒಬ್ಬರಿಗೆ ಮಗಳನ್ನು ಕೊಡಿಸಿ ಇನ್ನೊಬ್ಬರಿಂದ ಕಿತ್ತುಕೊಂಡೆ. ಅವ್ವ ನನ್ನನ್ನು ಬೈಯಲಿಲ್ಲ, ಕೇಳಲೂ ಇಲ್ಲ. ನೀನೇ ಹೇಳಿದೆಯಾ ಎಂದು ಅವಳು ಕೇಳುತ್ತಾಳೆ, ಇವತ್ತು ಕೇಳುತ್ತಾಳೆ, ನಾಳೆ ಕೇಳುತ್ತಾಳೆ ಎಂದು ನಾನು ಕಾದೆ. ಸುಧಾಳೇ ಸೊಲ್ಲಾಪುರಕ್ಕೆ ಕಾಗದ ಬರೆದಿರಬೇಕು ಎಂದು ಹೇಳಲು ಒಂದು ಸುಳ್ಳನ್ನು ಸಿದ್ಧ ಮಾಡಿಟ್ಟುಕೊಂಡಿದ್ದೆ. ಒಂದು ಭಾನುವಾರ ಮಾತ್ರ, ಫೋನ್ ಹೊಡೆದುಕೊಳ್ಳುತ್ತಿರುವಾಗ, ಅಪ್ಪ ಸ್ನಾನಕ್ಕೆ ಹೋಗಿದ್ದರು, ಅವ್ವ ಪಕ್ಕದಲ್ಲೇ ಕೂತಿದ್ದವಳು ಕೈ ಮುಂದೆ ಮಾಡಲಿಲ್ಲ.

"ನೀನೇ ಎತ್ತವಾ," ಎಂದಳು. "ನಿಂಗ ಎಲ್ಲಾ ಗೊತ್ತಿರತದ."

ಅವ್ವ ಹೋಗಿ ಹನ್ನೊಂದು ವರ್ಷವಾಯಿತು. ಆ ಸುಳ್ಳು ಹಾಗೆಯೇ ಖರ್ಚಾಗದೆ ನನ್ನ ಹತ್ತಿರ ಉಳಿದಿದೆ.